ಶನಿಗೆ ಹೊರಟ ಎರಡು ಸಹಿ

ಆಲ್ಟಡೀನಾ, ಕ್ಯಾಲಿಫೋರ್ನಿಯಾ
ಶನಿವಾರ, 16 ನವೆಂಬರ್ 1996

ಅರ್ಲೆತಾ,

ನೀನು ಕ್ಷೇಮವೇ ಎಂದು ಕೇಳುವಷ್ಟು ತಾಳ್ಮೆ ಈಗ ನನ್ನಲ್ಲಿಲ್ಲ. ಕ್ಷೇಮವಾಗಿಯೇ ಇರುತ್ತೀಯ. ಹೆತ್ತವಳ ಬೆನ್ನ ಹಿಂದೆ ಇಂಥ ಕೆಲಸ ಮಾಡುವವರಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ.

ಇವತ್ತು ಬೆಳಿಗ್ಗೆ ಎಂದಿನಂತೆ ಪಸಡೀನಾಗೆ ಸಹಿಯ ಕೆಲಸಕ್ಕೆ ಹೋಗಿದ್ದೆ. ಬರುವ ವರ್ಷ ಶನಿ ಗ್ರಹಕ್ಕೆ ಹೊರಡುವ ನೌಕೆಯಲ್ಲಿ ಇಡುವ ಸಿ.ಡಿ.ಯಂಥ ಆ ಪುಟ್ಟ ತಟ್ಟೆಗಾಗಿ ದೇಶದೇಶಗಳಿಂದ ಜನ ತಮ್ಮ ಸಹಿ ಬರೆದು ಕಳಿಸುತ್ತಿದ್ದಾರಲ್ಲ, ಮೂಟೆ ಮೂಟೆ ಕಾರ್ಡು. ಅವನ್ನು ಬಿಡಿಸಿ, ಪಿನ್ನು ಕಿತ್ತು, ಕೊಳೆ ಒರೆಸಿ, ಸಹಿಯ ಚಿತ್ರ ತೆಗೆಯುವ ಯಂತ್ರಕ್ಕೆ ಕೊಡುವಂತೆ ಜೋಡಿಸಿ ಪೆಟ್ಟಿಗೆ ತುಂಬುವುದು ನಮ್ಮ ಕೆಲಸ. ನಮ್ಮ ಚರ್ಚಿನ ಹೆಂಗಸರ ಮೇಜಿಗೆ ನಾನು ಹಿರಿಯಳು. ಶಾಲೆಯ ಅಡುಗೆಮನೆಯನ್ನು ಅಷ್ಟು ವರ್ಷ ನಡೆಸಿದವಳಿಗೆ ಅದೇನು ದೊಡ್ಡದಲ್ಲ. ಅಲ್ಲಿ ನಾನು ಇಟ್ಟಿರುವ ನಿಯಮ ಒಂದೇ: ಬಂದದ್ದು ಹೋಗಬೇಕು. ಹಸುಗೂಸಿನ ಪಾದದ ಗುರುತು ಬರಲಿ, ನಾಯಿಯ ಪಂಜದ ಗುರುತು ಬರಲಿ, ಸತ್ತ ಗಂಡನ ಸಹಿಯನ್ನು ಹಳೆಯ ಪುಸ್ತಕದಿಂದ ಕತ್ತರಿಸಿ ಅಂಟಿಸಿದ್ದು ಬರಲಿ, ಇದು ಬೇಕು ಅದು ಬೇಡ ಎನ್ನುವ ಹಕ್ಕು ನಮಗಿಲ್ಲ. ಹೋದ ತಿಂಗಳು ಸಿಸ್ಟರ್ ಬ್ಯಾಸ್ಕಂ ಯಾವುದೋ ಚಂದದ ಅಂಚೆಚೀಟಿಯನ್ನು ಮೆಲ್ಲಗೆ ಜೇಬಿಗಿಳಿಸಿದಾಗ ಎಲ್ಲರೆದುರು ಅವಳ ಮಾನ ತೆಗೆದವಳು ನಾನೇ.

ಇವತ್ತು ಅವಳ ಸರದಿ ಬಂತು. ಒಂದು ದಪ್ಪ ಲಕೋಟೆ ಒಡೆದು, ಒಳಗಿನ ಹಾಳೆ ಬಿಡಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿದಳು.

“ಸಿಸ್ಟರ್ ಪ್ರುವಿಟ್, ಇದು ನೀವೇ ಅಲ್ವಾ?”

ನನ್ನ ಮದುವೆಯ ಪರವಾನಗಿಯ ಪ್ರತಿ. ಟೆಕ್ಸಾಸಿನ ಮಾರ್ಷಲ್ ಊರು, 1952. ಕೆಳಗೆ ಎರಡು ಸಹಿ. ಕ್ಲೀವನ್ ಪ್ರುವಿಟ್, ಪಕ್ಕದಲ್ಲಿ ನನ್ನ ತವರಿನ ಹೆಸರು, ವರ್ಡೆಲ್ ಗೇನ್ಸ್. ಜೊತೆಗೆ ನಿನ್ನ ತರಗತಿಯ ಮಕ್ಕಳ ಕಾರ್ಡುಗಳ ಕಟ್ಟು. ಮೇಲೆ ನಿನ್ನ ಕೈಬರಹದ ಚೀಟಿ: ‘ಇವರು ನನ್ನ ತಂದೆ ತಾಯಿ. ಇಬ್ಬರೂ ಜೊತೆಯಲ್ಲಿ ಹೋಗಲಿ.’

ಜೊತೆಯಲ್ಲಿ!

ನಾನು ಕೈ ಚಾಚುವುದರೊಳಗೆ ಹಾಳೆ ಮೇಜಿನ ಆ ತುದಿಗೆ ಹೋಗಿತ್ತು. “ಅಯ್ಯೋ, ಎಷ್ಟು ದುಂಡಗೆ ಬರೀತಿದ್ರಿ!” ಅಂದಳು ಒಬ್ಬಳು. “ಗಂಡನ ಸಹಿ ನೋಡ್ರೇ, ಹೆಂಡ್ತಿ ಹೆಸರಿನ ಮೇಲೇ ಬಂದು ಬಿದ್ದಿದೆ. ಆಗ್ಲೇ ಆ ಮಹಾರಾಯನಿಗೆ ಜಾಗ ಸಾಲ್ತಿರ್ಲಿಲ್ಲ” ಅಂದಳು ಇನ್ನೊಬ್ಬಳು. ಬ್ಯಾಸ್ಕಂ ಬಿಡುತ್ತಾಳೆಯೇ? “ಹನಿಮೂನಿಗೆ ಶನಿಗೇ ಹೊರಟಿದೀರಿ, ನಮಗೊಂದು ಮಾತು ಹೇಳ್ಬಾರ್ದಿತ್ತಾ?” ಮೇಜಿಗೆ ಮೇಜೇ ನಕ್ಕಿತು. 1964ರಲ್ಲಿ ಅವನು ನಮ್ಮನ್ನು ಬಿಟ್ಟುಹೋದದ್ದು ಆ ಹೆಂಗಸರಲ್ಲಿ ಯಾರಿಗೆ ಗೊತ್ತಿಲ್ಲ?

ಹಾಳೆ ಕಿತ್ತುಕೊಂಡು, ಮಡಚಿ, ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಆಮೇಲೆ ಯಾರೂ ನಗಲಿಲ್ಲ.

“ಬಂದದ್ದು ಹೋಗ್ಬೇಕಲ್ವಾ ಸಿಸ್ಟರ್?” ಅಂದಳು ಬ್ಯಾಸ್ಕಂ.

“ಇದು ಬಂದದ್ದಲ್ಲ. ದಾರಿ ತಪ್ಪಿದ್ದು” ಅಂದೆ.

ಮೂಲ ಕಾಗದ ನನ್ನ ಬೀರುವಿನಲ್ಲಿ ಬೀಗದೊಳಗಿದೆ. ಹಾಗಾದರೆ ಈ ಪ್ರತಿ ನಿನಗೆ ಎಲ್ಲಿಂದ ಬಂತು? ಬರೆದು ತಿಳಿಸು. ಫೋನು ಮಾಡಬೇಡ, ಎತ್ತುವುದಿಲ್ಲ.

ನಿನ್ನ ತಾಯಿ,
ವರ್ಡೆಲ್ ಪ್ರುವಿಟ್


ಸ್ಯಾಕ್ರಮೆಂಟೊ
24 ನವೆಂಬರ್ 1996

ಅಮ್ಮ,

ನಿಮ್ಮ ಮೇಜಿಗೆ ಶಾಲೆಗಳ ಲಕೋಟೆಗಳೇ ಬರುತ್ತವೆಂದು ನೀವೇ ಹಿಂದೆ ಬರೆದಿದ್ದಿರಿ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಸಿಸ್ಟರ್ ಬ್ಯಾಸ್ಕಂ ಕೈಯಲ್ಲಿ ನೀವು ಅದನ್ನು ನೋಡಬೇಕಾಯಿತಲ್ಲ, ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ.

ಉಳಿದದ್ದನ್ನು ಹೇಳಿಬಿಡುತ್ತೇನೆ. ಅಪ್ಪ ಸ್ಟಾಕ್ಟನ್‌ನಲ್ಲಿದ್ದಾರೆ. ವಸಂತದಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಗಿವೆ. ಬಾಯಿಂದ ಬರುವುದು ಒಂದೊಂದೇ ಮಾತು. ಆಸ್ಪತ್ರೆಯವರು ಹೇಗೋ ಹುಡುಕಿ ನನಗೆ ಫೋನು ಮಾಡಿದರು. ಈಗ ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಇಟ್ಟಿದ್ದೇನೆ. ಅವರ ರೈಲ್ವೆ ಪಿಂಚಣಿಯ ಕಚೇರಿಯವರು ಮದುವೆಯ ಕಾಗದ ಕೇಳಿದರು, ಟೆಕ್ಸಾಸಿನಿಂದ ತರಿಸಿದೆ. ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಏನು ಅನ್ನುತ್ತಿದ್ದಿರಿ ಎಂಬುದನ್ನು ಈ ಪತ್ರ ಓದುತ್ತಲೇ ನೀವು ಅನ್ನುತ್ತಿದ್ದೀರಿ.

ಅವರ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಶನಿಯ ಚಿತ್ರವಿದೆ, ಹಿಂದಿನ ನೌಕೆ ಹೋದಾಗ ಬಂದದ್ದು. ಹದಿನೈದು ವರ್ಷ ಅದನ್ನು ಮನೆಯಿಂದ ಮನೆಗೆ ಹೊತ್ತಿದ್ದಾರೆ. ನನ್ನ ತರಗತಿಯ ಮಕ್ಕಳು ಸಹಿ ಕಳಿಸುತ್ತಿದ್ದಾರೆಂದಾಗ ತಮಗೂ ಕಾರ್ಡು ಬೇಕೆಂದು ಸನ್ನೆ ಮಾಡಿದರು. ಪೆನ್ನು ಕೊಟ್ಟೆ. ಬಲಗೈಯಿಂದ ಅದು ಜಾರಿ ಬಿತ್ತು. ಎತ್ತಿ ಕೊಟ್ಟೆ, ಮತ್ತೆ ಬಿತ್ತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ನನ್ನ ಹತ್ತಿರ ಇದ್ದ ಅವರ ಸಹಿ ಅದೊಂದೇ. ಅದರ ಪಕ್ಕದಲ್ಲಿ ನಿಮ್ಮದಿತ್ತು. ಕತ್ತರಿಸಲು ನನಗೆ ಮನಸ್ಸಾಗಲಿಲ್ಲ.

ಅದನ್ನು ಪೆಟ್ಟಿಗೆಗೆ ಹಾಕಿಬಿಡಿ ಅಮ್ಮ.

ಅರ್ಲೆತಾ


ಆಲ್ಟಡೀನಾ
2 ಡಿಸೆಂಬರ್ 1996

ಅರ್ಲೆತಾ,

ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನಿನ್ನ ತಮ್ಮಂದಿರಿಬ್ಬರೂ ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ನಿನ್ನ ತಟ್ಟೆ ಇಡಲಿಲ್ಲ. ಸಿಹಿಗೆಣಸಿನ ಪೈ ಉಳಿಯಿತು. ಪಕ್ಕದ ಮನೆಗೆ ಕೊಟ್ಟೆ.

ಚಿತ್ರದ ಕತೆ ಹೇಳಿ ನನ್ನನ್ನು ಕರಗಿಸಲು ನೋಡಬೇಡ. ಅದೇ ಚಿತ್ರ ನನ್ನ ಅಡುಗೆಮನೆಯ ಗೋಡೆಯಲ್ಲೂ ಇತ್ತು, ಈ ಬೀದಿಯ ಅರ್ಧ ಮನೆಗಳ ಗೋಡೆಯಲ್ಲೂ ಇತ್ತು. ಅಷ್ಟಕ್ಕೇ ನಾನು ಈ ಬೀದಿಯವರೆಲ್ಲರ ಹೆಂಡತಿಯಾಗುವುದಿಲ್ಲ. ನೆಪ್ಚೂನಿನ ಚಿತ್ರಗಳು ಬರುವಾಗ ಕಾಲೇಜಿನ ಸಭಾಂಗಣದಲ್ಲಿ ನಿಂತುಕೊಂಡೇ ನೋಡಿದವಳು ನಾನು. ಅವನು ಎಲ್ಲಿ ನಿಂತು ನೋಡಿದನೋ ನನಗೆ ಬೇಕಿಲ್ಲ.

ಹೋದ ಭಾನುವಾರ ಡೀಕನ್ ಟಿಬ್ಸ್ ಚರ್ಚಿನ ಮೆಟ್ಟಿಲ ಮೇಲೆ ನನ್ನನ್ನು ಅಡ್ಡಗಟ್ಟಿದರು. “ನಮ್ಮ ಬೀದಿ ದೀಪ ರಿಪೇರಿ ಮಾಡ್ಸೋಕಾಗ್ದೋರು ಶನಿಗೆ ಗಾಡಿ ಕಳಿಸ್ತಾರಂತೆ. ಅದಕ್ಕೆ ನೀವು ಬಿಟ್ಟಿ ಚಾಕರಿ ಬೇರೆ. ನಾಚ್ಕೆ ಆಗಲ್ವಾ ಸಿಸ್ಟರ್?”

“ದೀಪಾನೂ ಕೇಳೋಣ, ಶನೀನೂ ಕೇಳೋಣ ಡೀಕನ್. ಒಂದನ್ನ ಕೇಳಿದೋರು ಇನ್ನೊಂದನ್ನ ಬಿಡ್ಬೇಕು ಅಂತ ನಿಮಗ್ಯಾರು ಹೇಳಿದ್ದು? ದೀಪದ ಅರ್ಜೀಗೆ ನಾನು ಸಹಿ ಹಾಕಿದೀನಿ. ನಿಮ್ಮದು ಅದ್ರಲ್ಲಿ ಎಲ್ಲೂ ಕಾಣ್ಲಿಲ್ಲ” ಅಂದೆ. ಟೋಪಿ ಸರಿ ಮಾಡಿಕೊಂಡು ಹೋದರು.

ಸಹಿ ಎಂದರೆ ನನಗೆ ಆಟವಲ್ಲ. ನನಗೆ ಮದುವೆಯಾದ ವರ್ಷವೇ ನಮ್ಮಪ್ಪ ಭಾನುವಾರದ ಕೋಟು ತೊಟ್ಟು ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋಗಿದ್ದರು. ಕಾಗದದ ಮೇಲೆ ಸಹಿ ಹಾಕಿ ಕೊಟ್ಟರು. ಅಲ್ಲಿದ್ದ ಬಿಳಿಯ ಗುಮಾಸ್ತ, ಕರಿಯನ ಕಾಗದವೆಂದು, ಅದನ್ನು ಓದಲೂ ಇಲ್ಲ. ಎರಡಾಗಿ ಮಡಚಿ ತನ್ನ ಮೇಜಿನ ಖಾನೆಯೊಳಗೆ ಹಾಕಿ, “ಇನ್ನು ಹೋಗು” ಅಂದ. ಅಪ್ಪ ಮನೆಗೆ ಬಂದು ಕೋಟು ಬಿಚ್ಚಿ ಮೊಳೆಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಒಬ್ಬ ಮನುಷ್ಯನ ಹೆಸರು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬುದು ಅವನದೇ ಮಾತು. ಈ ತಟ್ಟೆಯ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ನಾನು ಮೊದಲ ದಿನವೇ ಹೋಗಿ ಕೆಲಸ ಕೇಳಿದ್ದು ಅದಕ್ಕೇ. ಪರೀಕ್ಷೆಯಿಲ್ಲ, ಬಣ್ಣ ಕೇಳುವುದಿಲ್ಲ. ಬರೆದು ಕಳಿಸಿದವರೆಲ್ಲರ ಹೆಸರೂ ಹೋಗುತ್ತದೆ.

ನೀನು ನನ್ನ ಹೆಸರನ್ನು ನನ್ನನ್ನು ಕೇಳದೆ ತೆಗೆದುಕೊಂಡೆ. ತೆಗೆದುಕೊಂಡು, ಒಂದು ಮಾತೂ ಹೇಳದೆ ಮನೆ ಬಿಟ್ಟು ಹೋದವನ ಮಗ್ಗುಲಲ್ಲಿ, ಎಂದೂ ಅಳಿಸಲಾಗದ ಕಡೆ ಇಡಲು ಹೋದೆ. ಅವನು ಹೋದಾಗ ನಿನಗೆ ಒಂಬತ್ತು ವರ್ಷ. ಕಿಟಕಿಯ ಬಳಿ ಕೂತು ಊಟ ಬಿಟ್ಟವಳು ನೀನೇ. ಮರೆತಿದ್ದರೆ ನಾನು ನೆನಪಿಸುತ್ತೇನೆ.

ಹಾಳೆ ನನ್ನ ಚೀಲದಲ್ಲೇ ಇರುತ್ತದೆ.

ವರ್ಡೆಲ್ ಪ್ರುವಿಟ್


ಸ್ಯಾಕ್ರಮೆಂಟೊ
9 ಡಿಸೆಂಬರ್ 1996

ಅಮ್ಮ,

ನಿಮ್ಮ ಹೆಸರನ್ನು ಕೇಳದೆ ತೆಗೆದುಕೊಂಡದ್ದು ತಪ್ಪು. ಒಪ್ಪುತ್ತೇನೆ. ನಿಮ್ಮದನ್ನು ಕತ್ತರಿಸಿ ಇಟ್ಟುಕೊಳ್ಳಿ.

ಅಪ್ಪನ ಹೆಸರು ನಿಮ್ಮದಲ್ಲ. ಅದು ಹೋಗಬೇಕೆಂದು ಅವರು ಕೇಳಿದ್ದಾರೆ. ನೀವು ಅದನ್ನು ಮಡಚಿ ಚೀಲದೊಳಗೆ ಹಾಕಿ “ಇನ್ನು ಹೋಗು” ಅಂದಿದ್ದೀರಿ. ತಾತನ ಸಹಿಯನ್ನು ಖಾನೆಗೆ ಹಾಕಿದ ಆ ಗುಮಾಸ್ತನಿಗೂ ನಿಮಗೂ ಏನು ವ್ಯತ್ಯಾಸ?

ಕಿಟಕಿಯ ಬಳಿ ಕೂತದ್ದು ನನಗೆ ಮರೆತಿಲ್ಲ. ಅವರಿಗೆ ಊಟ ಮಾಡಿಸುವಾಗೆಲ್ಲ ನೆನಪಾಗುತ್ತದೆ. ಆದರೂ ಮಾಡಿಸುತ್ತೇನೆ.

ಅರ್ಲೆತಾ


ಆಲ್ಟಡೀನಾ
6 ಜನವರಿ 1997

ಅರ್ಲೆತಾ,

ಕ್ರಿಸ್ಮಸ್ಸಿಗೆ ನೀನು ಕಳಿಸಿದ ಕಟ್ಟು ಬಂತು. ಬಿಚ್ಚದೆ ವಾಪಸು ಕಳಿಸಿದ್ದೇನೆ.

ಆ ಮಾತನ್ನು ನೀನು ಬರೆಯಬಾರದಿತ್ತು.

ಸ್ಟಾಕ್ಟನ್ನಿನ ಆ ಮನೆಯ ವಿಳಾಸ ಕಳಿಸು.

ವರ್ಡೆಲ್ ಪ್ರುವಿಟ್


ಸ್ಯಾಕ್ರಮೆಂಟೊ
11 ಜನವರಿ 1997

ಅಮ್ಮ,

ವಿಳಾಸ ಈ ಪತ್ರದ ಹಿಂಬದಿಯಲ್ಲಿದೆ. ಬಸ್ ನಿಲ್ದಾಣದಿಂದ ದೂರವಿಲ್ಲ. ಯಾವ ದಿನ ಎಂದು ಹೇಳಿದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಹೇಳುವುದಿಲ್ಲವೆಂದು ಗೊತ್ತು.

ಬಯ್ಯಬೇಡಿ ಎಂದು ನಾನು ಕೇಳುವುದಿಲ್ಲ. ಅವರ ಎಡಗಡೆ ನಿಂತು ಬಯ್ಯಿರಿ. ಬಲಗಿವಿ ಸರಿಯಾಗಿ ಕೇಳಿಸುವುದಿಲ್ಲ.

ಅರ್ಲೆತಾ


ಆಲ್ಟಡೀನಾ
27 ಜನವರಿ 1997

ಅರ್ಲೆತಾ,

ಹೋಗಿಬಂದೆ. ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಬೇಕರ್ಸ್‌ಫೀಲ್ಡ್, ಫ್ರೆಸ್ನೊ ಎಂದು ಊರೂರಿಗೂ ನಿಲ್ಲುವ ಬಸ್ಸು. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಸಾಲಾಗಿ ಜೋಡಿಸಿಕೊಂಡೆ. ಮೂವತ್ತೆರಡು ವರ್ಷದ್ದು, ದಾರಿ ಸಾಲಲಿಲ್ಲ.

ಬಾಗಿಲಲ್ಲಿ ಒಬ್ಬ ದಾದಿ ತಡೆದಳು. “ಯಾರನ್ನ ನೋಡ್ಬೇಕಿತ್ತು?”

“ಕ್ಲೀವನ್ ಪ್ರುವಿಟ್.”

“ಅವರಿಗೆ ನೀವೇನಾಗ್ಬೇಕು?”

“ಅದನ್ನ ಅವನನ್ನೇ ಕೇಳೋಣ ಅಂತ ಬಂದಿದೀನಿ” ಅಂದೆ. ಪಾಪ, ದಾರಿ ಬಿಟ್ಟಳು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಅಂಗಿ ಯಾರದೋ ದೊಡ್ಡವರದು ಎನ್ನುವಂತಿತ್ತು. ಬೀದಿಯಲ್ಲಿ ಸಿಕ್ಕಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ಅವನು ನನ್ನ ಗುರುತು ಹಿಡಿದ. ಎಡಗಣ್ಣು ಅಗಲವಾಯಿತು, ಹೊರಗೆ ಹೋಗುವ ದಾರಿ ಹುಡುಕುವವನಂತೆ ಬಾಗಿಲ ಕಡೆ ನೋಡಿದ. ಆ ನೋಟ ಮಾತ್ರ ಹಳೆಯದೇ.

ಬಾಗಿಲು ಹಾಕಿದೆ. ಎಡಗಡೆ ನಿಂತೆ. ಹೇಳುವುದನ್ನೆಲ್ಲ ಹೇಳಿದೆ. ಅದರಲ್ಲಿ ಏನಿತ್ತೆಂದು ನಿನಗೆ ಬರೆಯುವುದಿಲ್ಲ. ಆಚೆ ಕೋಣೆಯ ಮುದುಕ ಎರಡು ಸಲ ಗೋಡೆ ಬಡಿದ; ನಾನೂ ಒಂದು ಸಲ ಬಡಿದ ಮೇಲೆ ಸುಮ್ಮನಾದ. ಇವನು ತಲೆ ತಗ್ಗಿಸಲಿಲ್ಲ, ಅಳಲಿಲ್ಲ. ಕೇಳಿದ. ಅಷ್ಟನ್ನು ಅವನ ಲೆಕ್ಕಕ್ಕೆ ಬರೆಯುತ್ತೇನೆ. ಅಷ್ಟೇ.

ಆಮೇಲೆ ಚೀಲದಿಂದ ಹಾಳೆ ತೆಗೆದು ಅವನ ಮುಂದಿನ ಊಟದ ಹಲಗೆಯ ಮೇಲೆ ಹರಡಿದೆ. “ಇದು ಹೋಗ್ಬೇಕು ಅಂತಿದೀಯಂತೆ. ನಿಂದು ಯಾವ್ದು, ತೋರ್ಸು” ಅಂದೆ.

ಎಡಗೈ ಎತ್ತಿದ. ಬೆರಳು ತನ್ನ ಸಹಿಯನ್ನು ದಾಟಿ ನನ್ನದರ ಮೇಲೆ ಬಂದು ನಿಂತಿತು.

“ಅದಲ್ಲ. ಅದು ನಿಂದಲ್ಲ. ನಿಂದನ್ನ ತೋರ್ಸು.”

ಬೆರಳು ಅಲುಗಲಿಲ್ಲ. “ಗೇನ್ಸ್” ಅಂದ. ಬಾಯಿ ಒಂದು ಕಡೆಗೆ ಎಳೆದುಕೊಂಡರೂ ಹೆಸರು ನೆಟ್ಟಗೆ ಬಂತು. ಮದುವೆಗೆ ಮುಂಚೆ ಅವನು ನನ್ನನ್ನು ಕರೆಯುತ್ತಿದ್ದದ್ದು ಹಾಗೆ, ಶಾಲೆಯ ಹುಡುಗರು ಒಬ್ಬರನ್ನೊಬ್ಬರು ಮನೆತನದ ಹೆಸರು ಹಿಡಿದು ಕೂಗುವ ಹಾಗೆ. ನಿನಗೆ ಇದು ಗೊತ್ತಿರಲಾರದು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಬೇಕಾದಾಗ ಒಂದು ಮಾತಿಲ್ಲ. ಎಲ್ಲ ಮುಗಿದ ಮೇಲೆ, ಉಳಿದಿರುವ ನಾಲ್ಕು ಮಾತಿನಲ್ಲಿ ಇದೊಂದು.

ಹಾಳೆ ಮಡಚಿ ಒಳಗಿಟ್ಟೆ. ಬೇರೆ ಖಾಲಿ ಕಾರ್ಡು ತೆಗೆದೆ. ಮೇಜಿನಿಂದ ಒಂದಿಷ್ಟನ್ನು ಕೇಳಿಯೇ ತಂದಿದ್ದೆ. ಪೆನ್ನನ್ನು ಅವನ ಎಡಗೈಗೆ ತುರುಕಿದೆ. “ಬಲಗೈಲಿ ಬಾಗ್ಲು ಎಳ್ಕೊಂಡು ಹೋದೆ. ಈಗ ಎಡಗೈಲಿ ಬರಿ.”

ತಲೆಯಾಡಿಸಿದ, ಆಗುವುದಿಲ್ಲವೆಂದು.

“ಆಗಲ್ಲ ಅನ್ನೋ ಮಾತನ್ನ ಮೂರು ಮಕ್ಕಳ್ನ ಇಟ್ಕೊಂಡು ನಾನು ಹೇಳ್ಲಿಲ್ಲ. ನೀನೂ ಹೇಳ್ಬೇಡ. ಬರಿ.”

ಮೊದಲ ಕಾರ್ಡು ಹರಿಯಿತು. ಎರಡನೆಯದರಲ್ಲಿ ಶಾಯಿ ಚೆಲ್ಲಾಡಿತು. ಎಷ್ಟು ಕಾರ್ಡು ಹಾಳಾಯಿತೋ ಬಿಡು. ದಾದಿ ಊಟದ ತಟ್ಟೆ ತಂದಳು, ಆಚೆ ಕಳಿಸಿದೆ. ಕಡೆಗೆ ಒಂದು ಬಂತು. ಬಿರುಗಾಳಿಗೆ ಸಿಕ್ಕಿದ ಬೇಲಿಯಂತಿದೆ. ಆದರೆ ಅದು ಅವನ ಹೆಸರು, ಅವನೇ ಬರೆದದ್ದು; ಅರವತ್ತಾರರ ಗಂಡಸು ಮಗುವಿನಂತೆ ನಾಲಿಗೆ ಕಚ್ಚಿಕೊಂಡು ಬರೆದ.

ಅವನ ಕೈ ಹಿಡಿದು ನಾನು ಬರೆಸಲಿಲ್ಲ. ಜಾರದಂತೆ ಕಾರ್ಡನ್ನು ಹಿಡಿದಿದ್ದೆ. ನೀನು ಬೇರೇನೂ ಅರ್ಥ ಮಾಡಿಕೊಳ್ಳಬೇಡ.

ಅಲ್ಲಿಯವರು ಅವನ ಉಗುರು ಕತ್ತರಿಸುವುದಿಲ್ಲ. ಅದನ್ನೂ ಅವರಿಗೆ ಹೇಳಿ ಬಂದಿದ್ದೇನೆ, ಅವರಿಗೆ ಬಹಳ ದಿನ ನೆನಪಿರುವ ಹಾಗೆ.

ವರ್ಡೆಲ್ ಪ್ರುವಿಟ್


ಸ್ಯಾಕ್ರಮೆಂಟೊ
4 ಫೆಬ್ರವರಿ 1997

ಅಮ್ಮ,

ಭಾನುವಾರ ಹೋಗಿದ್ದೆ. ಊಟದ ಕಾಗದದ ಕರವಸ್ತ್ರಗಳ ಮೇಲೆಲ್ಲ ಎಡಗೈಯಲ್ಲಿ ಹೆಸರು ಬರೆದು ಗುಡ್ಡೆ ಹಾಕಿದ್ದಾರೆ. ಉಗುರು ಕತ್ತರಿಸಿದ್ದಾರೆ. “ನಿಮ್ಮ ಅಮ್ಮ ಮತ್ತೆ ಯಾವಾಗ ಬರ್ತಾರೆ?” ಎಂದು ದಾದಿ ಕೇಳಿದಳು. ಹೆದರಿ ಕೇಳಿದಳೋ, ಬರಲಿ ಎಂದು ಕೇಳಿದಳೋ ತಿಳಿಯಲಿಲ್ಲ.

ಗುಮಾಸ್ತನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಒಂದು ಮಾತು ಕೇಳಬಹುದೇ? ಇಷ್ಟು ತಿಂಗಳಿಂದ ಲೋಕದವರ ಸಹಿಯೆಲ್ಲ ಒರೆಸಿ ಕಳಿಸಿದ್ದೀರಿ. ನಿಮ್ಮದು ಹೋಗಿದೆಯೇ?

ಅರ್ಲೆತಾ


ಆಲ್ಟಡೀನಾ
23 ಫೆಬ್ರವರಿ 1997

ಅರ್ಲೆತಾ,

ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮ ಮನೆಯಲ್ಲಿ ಇಲ್ಲ. ನೀನು ಬರೆದೆ, ನಾನು ಓದಿದೆ, ಸ್ಟಾಕ್ಟನ್ನಿಗೆ ಹೋದೆ. ಅದು ಅಲ್ಲೇ ಇರಲಿ. ನಾನೂ ಮರೆಯುವುದಿಲ್ಲ.

ಅವನ ಕಾರ್ಡು ಫೆಬ್ರವರಿ ಮೊದಲ ವಾರವೇ ಹೋಯಿತು. ಮೇಜಿನ ಮುಂದೆ ಎದ್ದು ನಿಂತು ಹೇಳಿದೆ: “ನವೆಂಬರಿನಲ್ಲಿ ನಾನೊಂದು ಹಾಳೆ ಚೀಲಕ್ಕೆ ಹಾಕ್ಕೊಂಡಿದ್ದೆ. ಅದ್ರಲ್ಲಿದ್ದ ಒಬ್ಬನ ಸಹಿ ಇಲ್ಲಿದೆ. ಇನ್ನೊಬ್ಬಳು ಹೋಗಕ್ಕೆ ಒಪ್ಪಿರ್ಲಿಲ್ಲ, ಅವಳು ಹೋಗಲ್ಲ.” ಬ್ಯಾಸ್ಕಂ ಕಾರ್ಡನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಕೋಳಿ ಕೆದರಿದ ಹಾಗಿದೆಯಲ್ರೀ” ಅಂದಳು. “ನಾಯಿ ಪಂಜ ಕಳಿಸಿದೀವಿ, ಕೋಳೀದೂ ಹೋಗ್ಲಿ” ಅಂದೆ. ಫಿನ್ಲೆಂಡಿನ ಯಾವುದೋ ಶಾಲೆಯ ಮಕ್ಕಳ ಕಾರ್ಡುಗಳ ನಡುವೆ ಅದನ್ನು ಅವಳೇ ನೇರ ಮಾಡಿ ಇಟ್ಟಳು. ಪೆಟ್ಟಿಗೆ ಯಂತ್ರಕ್ಕೆ ಹೋಯಿತು.

ನಿನ್ನೆ ಮೇಜಿನ ಕಡೆಯ ದಿನ. ಪೆಟ್ಟಿಗೆಗಳಿಗೆ ಮುಚ್ಚಳ ಹಾಕುವಾಗ ಬ್ಯಾಸ್ಕಂ ಕೂಡ ನೀನು ಕೇಳಿದ್ದನ್ನೇ ಕೇಳಿದಳು. “ನಿಮ್ಮದೆಲ್ರೀ ಸಿಸ್ಟರ್? ಊರೋರಿಗೆಲ್ಲ ಬಡಿಸಿ ನೀವೇ ಉಪವಾಸವಾ?”

ಕಡೆಯ ಪೆಟ್ಟಿಗೆಯ ಕಡೆಯ ಕಾರ್ಡಿನಲ್ಲಿ ಸಹಿ ಹಾಕಿದೆ. ಯಾವ ಹೆಸರೆಂದು ನೀನು ಕೇಳುವೆ. ಪ್ರುವಿಟ್ ಎಂದೇ ಹಾಕಿದೆ. ವರ್ಡೆಲ್ ಗೇನ್ಸ್ ಹದಿನೆಂಟು ವರ್ಷದ ಹುಡುಗಿ. ಅವಳ ಬರಹ ಇರುವುದು ಆ ಮದುವೆಯ ಕಾಗದದಲ್ಲಿ ಮಾತ್ರ, ಮೂಲವೂ ಪ್ರತಿಯೂ ನನ್ನ ಬೀರುವಿನಲ್ಲಿ ಇರುತ್ತವೆ. ಅವಳನ್ನು ಬೆರಳಿಟ್ಟು ತೋರಿಸಿದವನಿಗೂ ಕೊಡುವುದಿಲ್ಲ. ಪ್ರುವಿಟ್ ಎಂಬುದು ಅವನು ತಂದು ಬಿಸಾಡಿ ಹೋದ ಹೆಸರು. ಶಾಲೆಯ ಅಡುಗೆಮನೆಯ ಬಾಗಿಲ ಮೇಲೆ, ನಿಮ್ಮ ಮೂವರ ಅಂಕಪಟ್ಟಿಗಳ ಮೇಲೆ, ಬೀದಿ ದೀಪದ ಅರ್ಜಿಯ ಮೇಲೆ ಅದನ್ನು ಬರೆದು ಬರೆದು ಅದಕ್ಕೊಂದು ಮರ್ಯಾದೆ ತಂದವಳು ನಾನು. ಅದು ನನ್ನದು.

ಅಕ್ಟೋಬರಿನಲ್ಲಿ ನೌಕೆ ಹಾರುವ ದಿನ ನಮ್ಮಿಬ್ಬರನ್ನೂ ಒಂದು ಕಡೆ ಕೂರಿಸುವ ಯೋಚನೆ ನಿನಗಿದ್ದರೆ, ಈಗಲೇ ಬಿಡು. ನಾನು ನನ್ನ ಮನೆಯಲ್ಲಿ ನೋಡುತ್ತೇನೆ. ಅವನ ಕೋಣೆಯ ಟಿವಿ ಮಾತ್ರ ಬಹಳ ಎತ್ತರದಲ್ಲಿದೆ, ಅವನ ಕುತ್ತಿಗೆ ಅಷ್ಟು ಏಳುವುದಿಲ್ಲ. ಇಳಿಸಲು ಹೇಳು. ನೀನು ಹೇಳಿ ಕೇಳದಿದ್ದರೆ ನಾನು ಹೋಗಿ ಹೇಳುತ್ತೇನೆ.

ಯಂತ್ರಕ್ಕೆ ಕೊಟ್ಟ ಕ್ರಮದಲ್ಲೇ ತಟ್ಟೆಯೊಳಗೂ ಸಾಲು ಹಿಡಿಯುತ್ತವಂತೆ. ಅವನಿಗೂ ನನಗೂ ನಡುವೆ ಎಷ್ಟೋ ಸಾವಿರ ಜನ ಇದ್ದಾರೆ: ಸೈನಿಕರು, ಹಸುಗೂಸುಗಳು, ಸತ್ತವರು, ನಾಯಿಗಳು, ನಮ್ಮ ಭಾಷೆಯೇ ಬಾರದವರು. ಶನಿ ಮುಟ್ಟಲು ಏಳು ವರ್ಷ ಬೇಕು. ಅಲ್ಲಿಗೆ ಹೋದ ಮೇಲೆ ಅವನಿಗೆ ಬಿಡುವೋ ಬಿಡುವು. ನನ್ನ ಹತ್ತಿರ ಏನಾದರೂ ಹೇಳುವುದಿದ್ದರೆ ಅಷ್ಟು ಜನರನ್ನೂ ದಾಟಿಕೊಂಡು ಬರಲಿ. ನಾನು ಅರ್ಧ ದಾರಿಗೆ ಎದುರು ಹೋಗುವುದಿಲ್ಲ.

ನಿನ್ನ ತಾಯಿ,
ವರ್ಡೆಲ್ ಪ್ರುವಿಟ್